ಜೂಲಿಯ ಮೂಗಿನ ತುದಿ

ಪ್ರೀತಿಯ ಗೆಳೆಯಾ,

"ಅಷ್ಟು ಸಾವಿರ ಕಂತು ಇರೋ ಸೀರಿಯಲ್ಲನ್ನ ಎಲ್ಲಿಂದ ಶುರು ಮಾಡೋದು ಮಾರಾಯ?" ಅಂತ ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೀತಿದ್ದೀನಿ. ಇದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ನಾಲ್ಕು ಜನ ಇರಬಹುದು, ಅವರೂ ಓದಲಿ. ನಮ್ಮಿಬ್ಬರಿಗೇ ಗೊತ್ತಿರೋ ಆ ಮೂರನೇ ಚಮಚದ ಗುಟ್ಟು ಮಾತ್ರ ಇಲ್ಲಿ ಎತ್ತಲ್ಲ, ಹೆದರಬೇಡ.

ಮೊದಲಿಂದ ಶುರು ಮಾಡಬೇಡ. ಅಮೆರಿಕದ ಮಧ್ಯಾಹ್ನದ ಧಾರಾವಾಹಿಗಳು ಮೊದಲಿಂದ ನೋಡಲಿ ಅಂತ ಮಾಡಿದವೇ ಅಲ್ಲ. 'ಜನರಲ್ ಹಾಸ್ಪಿಟಲ್' 1963ರ ಏಪ್ರಿಲ್ 1ರಿಂದ ನಡೀತಾ ಇದೆ, 2022ರಲ್ಲೇ 15,000 ಕಂತು ಮುಟ್ಟಿತು. 'ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೋದಲ್ಲಿ ಹುಟ್ಟಿ, 1952ರಲ್ಲಿ ಟಿವಿಗೆ ಬಂದು, 2009ರಲ್ಲಿ ನಿಂತಿತು. 72 ವರ್ಷ. ಮುತ್ತಜ್ಜಿ ಕೇಳಿದ್ದನ್ನ ಮರಿಮಗಳು ನೋಡಿದ್ದಾಳೆ. ಮೊದಮೊದಲ ಕಂತುಗಳು ನೇರ ಪ್ರಸಾರವಾಗಿ ಗಾಳಿಯಲ್ಲೇ ಹೋದವು. ಆಮೇಲೆ ಟೇಪಿಗೆ ಹಿಡಿದವನ್ನೂ, ಟೇಪು ದುಬಾರಿ ಅಂತ, ಅಳಿಸಿ ಅದರ ಮೇಲೇ ಬೇರೆ ಕಾರ್ಯಕ್ರಮ ತುಂಬಿದರು. ಹಾಗಾಗಿ ಮೊದಲಿಂದ ನೋಡ್ತೀನಿ ಅಂದರೂ ಎಷ್ಟೋ ಸಿಗಲ್ಲ.

ಒಂದು ಮನೆತನ ಹಿಡ್ಕೊ. ನಿನಗೆ ನಾನು ಹೇಳೋದು 'ಡೇಸ್ ಆಫ್ ಅವರ್ ಲೈವ್ಸ್'. 1965ರ ನವೆಂಬರ್ 8ಕ್ಕೆ ಶುರುವಾಗಿದ್ದು, 2022ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿ ಚಾನೆಲ್ ಬಿಟ್ಟು ಪೀಕಾಕ್ ಅನ್ನೋ ಸ್ಟ್ರೀಮಿಂಗ್‌ಗೆ ಹೋಯಿತು. ಊರು ಸೇಲಮ್, ಮನೆತನ ಹಾರ್ಟನ್. ಒಂದು ಹಾಳೆಯ ಮಧ್ಯದಲ್ಲಿ ಜೂಲಿ ಅಂತ ಬರಿ, ಅವಳ ಪಕ್ಕ ಡಗ್ ಅಂತ ಬರಿ. ಈ ಡಗ್ ಮೊದಲು ಮದುವೆಯಾದದ್ದು ಜೂಲಿಯ ತಾಯಿ ಆ್ಯಡಿಯನ್ನ. ಅವರ ಮಗಳು ಹೋಪ್. ಮಗುವಿದ್ದ ತಳ್ಳುಗಾಡಿಯನ್ನ ದೂರ ತಳ್ಳಿ ಆ್ಯಡಿ ಕಾರಿಗೆ ಸಿಕ್ಕಳು. ಕೊನೆಗೆ ಡಗ್ ಜೂಲಿಯ ಕೈ ಹಿಡಿದ. ಈಗ ಹೇಳು, ಹೋಪ್ ಜೂಲಿಗೆ ಏನಾಗಬೇಕು? ತಂಗಿ, ಜೊತೆಗೆ ಮಲಮಗಳು. ನಮ್ಮಲ್ಲಿ ಸೋದರಮಾವನ ಮನೆಗೇ ಹೆಣ್ಣು ಕೊಟ್ಟು ಸಂಬಂಧ ಸುತ್ತಿಕೊಂಡಿರುವ ಮನೆಯವರಿಗೆ ಇದು ಅರ್ಥವಾದಷ್ಟು ಬೇಗ ಬೇರೆಯವರಿಗೆ ಆಗಲ್ಲ. ಈ ಗಂಟನ್ನ ಹಾಳೆಯಲ್ಲಿ ಬಿಡಿಸಿಕೊಂಡೆ ಅಂದರೆ ಅರ್ಧ ಸೇಲಮ್ ನಿನ್ನ ಕೈಗೆ ಬಂತು.

ಶುರು ಮಾಡೋದು ಗುರುವಾರದ ಕಂತಿನಿಂದ. ಸೋಮವಾರದಿಂದ ಅಂತ ಎಲ್ಲರೂ ಹೇಳ್ತಾರೆ, ಅದು ತಪ್ಪು. ಒಂದು ಕಂತಿನಲ್ಲಿ ಸಾಮಾನ್ಯವಾಗಿ ಮೂರು ಕಥೆ ಹೆಣೆದುಕೊಂಡು ಹೋಗುತ್ವೆ. ಗುರುವಾರ ಬತ್ತಿ ಹೊಸೀತಾರೆ, ಶುಕ್ರವಾರ ಹಚ್ಚುತಾರೆ, ಸೋಮವಾರ ಅದು ಯಾರ ಕೈ ಸುಟ್ಟಿತು ಅಂತ ತೋರಿಸ್ತಾರೆ. ಆ ಮೂರು ದಿನ ನೋಡಿದರೆ ಇಡೀ ವಾರದ ತಾಳ ಗೊತ್ತಾಗುತ್ತೆ. ಸೋಮವಾರದಿಂದ ಶುರು ಮಾಡಿದವರು ಮಂಗಳವಾರ, ಬುಧವಾರದ ಎಳೆತ ನೋಡಿ ಬೇಜಾರಾಗಿ ಬಿಟ್ಟುಬಿಡ್ತಾರೆ. ಪಾತ್ರಗಳು ಒಬ್ಬರಿಗೊಬ್ಬರು ಗೊತ್ತಿರೋದನ್ನೇ ಮತ್ತೆ ಹೇಳಿಕೊಳ್ತವೆ, "ಜೈಲಿಂದ ಬಂದ ನಿನ್ನ ಅಣ್ಣ" ಅನ್ನೋ ಥರ. ಬರವಣಿಗೆ ಬಾರದೆ ಹಾಗೆ ಮಾಡಿದ್ದಲ್ಲ ಅದು. ಇಸ್ತ್ರಿ ಮಾಡ್ತಾ, ಮಗುವಿಗೆ ಉಣಿಸ್ತಾ, ವಾರಕ್ಕೆ ಎರಡು ದಿನ ತಪ್ಪಿಸಿಕೊಂಡವರಿಗಾಗಿ ಇಟ್ಟ ಮೆಟ್ಟಿಲು. ಸಾಬೂನು ಕಂಪನಿಗಳು ದುಡ್ಡು ಹಾಕಿ ಕಟ್ಟಿದ ಕಾರ್ಯಕ್ರಮ ಇದು, 'ಸೋಪ್' ಅನ್ನೋ ಹೆಸರೇ ಅಲ್ಲಿಂದ ಬಂದದ್ದು. ಮನೆಗೆಲಸದ ಮಧ್ಯೆ ಕೇಳಿಸಿಕೊಳ್ಳುವ ಹಾಗೆ ಬರೆಯೋದೇ ಅಲ್ಲಿ ಕಸುಬು.

ಇನ್ನು ಕಲಾವಿದರ ವಿಷಯ. ಇದನ್ನ ನಿಧಾನವಾಗಿ ಓದು.

ಟೈಟಲ್‌ನಲ್ಲಿ ಮುಖ ಕಂಡವರೆಲ್ಲ ಒಂದೇ ಲೆಕ್ಕವಲ್ಲ. ಕಾಂಟ್ರ್ಯಾಕ್ಟ್ ಇರುವವರು ಒಂದು ವರ್ಗ, ವಾರಕ್ಕೆ ಇಷ್ಟು ಕಂತಿನ ಸಂಬಳ ಖಾತ್ರಿ. ಕರೆದಾಗ ಬಂದುಹೋಗುವವರು 'ರಿಕರಿಂಗ್'. ಐದು ಸಾಲಿಗಿಂತ ಹೆಚ್ಚು ಮಾತಿಲ್ಲದವರು 'ಅಂಡರ್ ಫೈವ್', ಕಾಫಿ ತಂದಿಡುವ ಹುಡುಗಿ, ವಾರೆಂಟ್ ಹಿಡಿದು ಬರುವ ಪೊಲೀಸ್. ಕಾಂಟ್ರ್ಯಾಕ್ಟಿನಲ್ಲೂ ಹೊಸಬರಿಗೆ 13 ವಾರಕ್ಕೊಂದು ಗಡುವು ಇರುತ್ತಿತ್ತು. ಗಡುವು ಬಂದಾಗ ಕಂಪನಿ ಬೇಡ ಅಂದರೆ ಮುಗೀತು. ಯಾರಾದರೂ ಪಾತ್ರಕ್ಕೆ ಇದ್ದಕ್ಕಿದ್ದ ಹಾಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು ಅಂದರೆ ನೀನೇ ಅರ್ಥ ಮಾಡ್ಕೊ. ಮದುವೆ ಗಂಡು ತುಂಬಾ ಖುಷಿಯಾಗಿದ್ದರಂತೂ ಇನ್ನೂ ಅಪಾಯ.

ಮುಖ ಬದಲಾಗೋದು ನಮ್ಮ ಸೀರಿಯಲ್‌ಗಳಲ್ಲೂ ಇದೆ. ಸೋಮವಾರ ಒಬ್ಬಳು ಸೊಸೆ, ಮಂಗಳವಾರ ಇನ್ನೊಬ್ಬಳು, ಅತ್ತೆ ಮಾತ್ರ ಅದೇ ಸಿಟ್ಟಿನಲ್ಲಿ ಇರ್ತಾಳೆ. ಅಲ್ಲೂ ಅಷ್ಟೇ. 'ಜನರಲ್ ಹಾಸ್ಪಿಟಲ್'ನ ಕಾರ್ಲಿ ಪಾತ್ರವನ್ನ ನೋಡು: 1996ರಲ್ಲಿ ಸಾರಾ ಬ್ರೌನ್, 2001ರಿಂದ ಟಮಾರಾ ಬ್ರಾನ್, 2005ರಲ್ಲಿ ಕೆಲವೇ ತಿಂಗಳು ಜೆನಿಫರ್ ಬ್ರಾನ್ಸ್‌ಫರ್ಡ್, ಅದೇ ವರ್ಷದಿಂದ ಲಾರಾ ರೈಟ್. ನಾಲ್ಕನೆಯವರೇ ಈಗ ಎಲ್ಲರಿಗೂ ಕಾರ್ಲಿ. ಹೊಸ ಮುಖವನ್ನ ಮೊದಲ ವಾರದಲ್ಲೇ ತೂಗಬೇಡ. ಮೊದಲ ವಾರ ಅವರು ಹಿಂದಿನವರ ಮಾತಿನ ಓಟಕ್ಕೆ ಬರೆದ ಸಾಲುಗಳನ್ನೇ ಹೇಳ್ತಿರ್ತಾರೆ. ಹೊಸಬರ ಉಸಿರಿಗೆ ತಕ್ಕ ಮಾತು ಬರೆಯೋಕೆ ಬರಹಗಾರರಿಗೂ ಸಮಯ ಬೇಕು. ಒಂದು ಎರಡು ತಿಂಗಳು ಕೊಡು.

ಕೂಸಿನ ಪಾತ್ರಗಳಿಗೆ ಅವಳಿ ಮಕ್ಕಳನ್ನ ಹುಡುಕೋದು ಯಾಕೆ ಗೊತ್ತಾ? ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಆರು ತಿಂಗಳೊಳಗಿನ ಕೂಸು ದಿನಕ್ಕೆ ಕ್ಯಾಮೆರಾ ಮುಂದೆ ಇರಬಹುದಾದದ್ದು 20 ನಿಮಿಷ ಮಾತ್ರ. ಒಂದು ಅಳೋಕೆ ಶುರು ಮಾಡಿದರೆ ಇನ್ನೊಂದನ್ನ ತರ್ತಾರೆ. ಸ್ವಲ್ಪ ದೊಡ್ಡದಾದ ಮೇಲೆ ಮಗು ಮಹಡಿ ಹತ್ತಿ ಮಲಗೋಕೆ ಹೋಗುತ್ತೆ, ಕೆಲವು ತಿಂಗಳಾದ ಮೇಲೆ ಇಳಿದು ಬರುವಾಗ ಮೀಸೆ ಬಂದಿರುತ್ತೆ. ಶಾಲೆಗೆ ಹೋಗುವ ಮಗುವಿಗೆ ಪ್ರೇಮಕಥೆ ಬರೆಯೋಕಾಗಲ್ಲವಲ್ಲ, ಅದಕ್ಕೆ.

ಈಗ ಚಿತ್ರೀಕರಣ. ಇದು ತಿಳಿದರೆ ಉಳಿದದ್ದು ತಿಳಿಯುತ್ತೆ. ಹಿಂದೆ ಬೆಳಿಗ್ಗೆ ತಾಲೀಮು, ಮಧ್ಯಾಹ್ನ ನೇರ ಪ್ರಸಾರ. 'ಆ್ಯಸ್ ದ ವರ್ಲ್ಡ್ ಟರ್ನ್ಸ್' 1975ರವರೆಗೂ ಹಾಗೇ ನಡೀತು. 1963ರ ನವೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದ ಸುದ್ದಿಯನ್ನ ಸಿಬಿಎಸ್ ಚಾನೆಲ್ ಆ ಸೀರಿಯಲ್ ತಡೆದು ಹೇಳಿತು. ಒಳಗೆ ಸ್ಟುಡಿಯೋದಲ್ಲಿ ಹೆಲೆನ್ ವ್ಯಾಗ್ನರ್ ಮತ್ತು ಜೊತೆಯವರು ಏನೂ ಗೊತ್ತಿಲ್ಲದೆ ನಟಿಸ್ತಾನೇ ಇದ್ದರು. 1956ರ ಮೊದಲ ಕಂತಿನ ಮೊದಲ ಮಾತು ಆಡಿದ್ದೂ ಅದೇ ಹೆಲೆನ್. 2010ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಆ ಪಾತ್ರ ಅವರದ್ದೇ.

ಈಗಿನ 'ಡೇಸ್' ಅದಕ್ಕೆ ಪೂರ್ತಿ ತಿರುಗುಮುರುಗು. ಕಥೆಯ ಕ್ರಮದಲ್ಲಿ ಶೂಟ್ ಮಾಡಲ್ಲ. ಒಂದು ಸೆಟ್ ಹಾಕಿದರೆ ಹಲವು ಕಂತುಗಳಲ್ಲಿ ಆ ಕೋಣೆಯಲ್ಲಿ ನಡೆಯೋದನ್ನೆಲ್ಲ ಒಟ್ಟಿಗೆ ಮುಗಿಸ್ತಾರೆ. ನಟಿ ಬೆಳಿಗ್ಗೆ ನಿಶ್ಚಿತಾರ್ಥ, ಊಟದ ನಂತರ ಅದೇ ಸೋಫಾದ ಮೇಲೆ ವಿಚ್ಛೇದನ. ಹಲವು ಕ್ಯಾಮೆರಾ ಒಟ್ಟಿಗೆ ಓಡುತ್ವೆ, ಹೆಚ್ಚು ಪಾಲು ಒಂದೇ ಟೇಕ್. ಮಾತು ತಡವರಿಸಿದರೂ ಅರ್ಥ ಕೆಡದಿದ್ದರೆ ಮುಂದಕ್ಕೆ. ದೃಶ್ಯದ ಕೊನೆಯಲ್ಲಿ ಮಾತು ಮುಗಿದ ಮೇಲೂ ಮುಖ ಹಾಗೇ ಹಿಡಿದು ನಿಲ್ಲೋದನ್ನ 'ಟ್ಯಾಗ್' ಅಂತಾರೆ. ಒಳ್ಳೇ ನಟರನ್ನ ಗುರುತಿಸೋದು ಅಲ್ಲೇ. ಮಾತಿಲ್ಲದ ಆ ಕೆಲವು ಸೆಕೆಂಡ್ ಕಣ್ಣಲ್ಲಿ ಯೋಚನೆ ನಡೀತಿರಬೇಕು. ಹೊಸಬರು ಹುಬ್ಬು ಏರಿಸಿ ಕಾಯ್ತಾರೆ, ಅಷ್ಟೇ.

ಹೀಗೆ ಶೂಟ್ ಮಾಡಿದ ಕಂತುಗಳು ಪ್ರಸಾರಕ್ಕೆ ತಿಂಗಳುಗಟ್ಟಲೆ ಮುಂಚೆ ತಯಾರಾಗಿ ಕೂತಿರುತ್ವೆ. ನಮ್ಮವರು 'ಬ್ಯಾಂಕಿಂಗ್' ಅಂತಾರಲ್ಲ, ಅದೇ. ನಮ್ಮಲ್ಲಿ ಬ್ಯಾಂಕಿಂಗ್ ಸಾಲದೆ ರಾತ್ರಿ ಶೂಟ್ ಮಾಡಿ ಮಾರನೇ ದಿನ ಕೊಡುವ ಪರದಾಟ. ಅವರದ್ದು ಸುಗ್ಗಿ ಮುಗಿದ ಕಣಜದ ಥರ ತುಂಬಿರುತ್ತೆ.

ಅದರಿಂದ ಆಗೋದನ್ನ ಹೇಳ್ತೀನಿ ಕೇಳು.

ಡಗ್ ಪಾತ್ರ ಮಾಡಿದವರು ಬಿಲ್ ಹೇಯ್ಸ್. 1970ರಲ್ಲಿ ಬಂದರು, ಮೂಲತಃ ಹಾಡುಗಾರ. ಜೂಲಿಯಾಗಿ ಸೂಸನ್ ಸೀಫರ್ತ್ 1968ರಿಂದ ಇದ್ದರು. ಸೆಟ್‌ನಲ್ಲಿ ಹತ್ತಿರವಾಗಿ 1974ರಲ್ಲಿ ನಿಜವಾಗಿ ಮದುವೆಯಾದರು, ತೆರೆಯ ಮೇಲಿನ ಮದುವೆ 1976ರಲ್ಲಿ. ಅದೇ 1976ರ ಜನವರಿಯಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಇಬ್ಬರೂ. ಅಲ್ಲಿಂದ ಸುಮಾರು ಐದು ದಶಕ ಮನೆಯಲ್ಲಿ ಗಂಡ ಹೆಂಡತಿ, ಸೇಲಮ್‌ನಲ್ಲಿ ಮಾತ್ರ ನಡುವೆ ವಿಚ್ಛೇದನ, ಮತ್ತೆ ಮದುವೆ. ಬಿಲ್ 2024ರ ಜನವರಿ 12ರಂದು ತೀರಿಕೊಂಡರು, 98 ವರ್ಷ. ಆದರೆ ಡಗ್ ಸಾಯಲಿಲ್ಲ. ಕಣಜದಲ್ಲಿ ಇನ್ನೂ ಇದ್ದನಲ್ಲ. ಸೇಲಮ್‌ನಲ್ಲಿ ಡಗ್‌ಗೆ ವಿದಾಯ ಹೇಳಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಹೋಪ್ ಪಾತ್ರದ ಕ್ರಿಸ್ಟಿಯನ್ ಅಲ್ಫಾನ್ಸೋ ಅದಕ್ಕಾಗಿಯೇ ವಾಪಸ್ ಬಂದರು. ವಿಧವೆ ಜೂಲಿಯಾಗಿ ನಿಂತದ್ದು ಸೂಸನ್ನೇ.

ಅಂದರೆ ತನ್ನ ಗಂಡನ ಸಾವನ್ನ ಅವರು ಎರಡನೇ ಸಲ, ಕ್ಯಾಮೆರಾಗಳ ಮುಂದೆ, ಕಾಗದದಲ್ಲಿ ಯಾರೋ ಬರೆದುಕೊಟ್ಟ ಮಾತಿನಲ್ಲಿ, ಗುರುತು ಹಾಕಿದ ಜಾಗದಲ್ಲಿ ನಿಂತು ಮಾಡಿದರು. ಅದರ ಮಧ್ಯೆಯೂ ಯಾರೋ "ಬೆಳಕು ಸರಿಯಿಲ್ಲ" ಅಂದಿರಬಹುದು.

ಕಣ್ಣೀರಿನ ವಿಷಯ ನಿನಗೆ ಗೊತ್ತೇ ಇದೆ. ಗ್ಲಿಸರಿನ್ ಹನಿ ದಪ್ಪ, ಕೆನ್ನೆಯ ಮೇಲೆ ನಿಧಾನವಾಗಿ ಜಾರುತ್ತೆ, ಬೆಳಕಿಗೆ ಮಿಂಚುತ್ತೆ. ಮೂಗಿಗೆ ಏನೂ ಆಗಲ್ಲ. ನಿಜವಾಗಿ ಅತ್ತರೆ ಮೊದಲು ಮೂಗಿನ ತುದಿ ಕೆಂಪಾಗುತ್ತೆ, ಆಮೇಲೆ ಹೊಳ್ಳೆಗಳು ದಪ್ಪವಾಗಿ ಧ್ವನಿ ಮೂಗಿಗೆ ಹೋಗುತ್ತೆ. ಮೇಕಪ್‌ನವರು ಪೌಡರ್ ಹಿಡಿದು ಓಡಿಬರೋದು ಮೂಗಿಗೇ.

ಆ ವಿದಾಯದ ಕಂತನ್ನ ಹನ್ನೊಂದು ತಿಂಗಳು ಕಾದಿದ್ದೆ ಕಣೋ. ಬಿಲ್ ಹೋದ ಸುದ್ದಿ ಓದಿದಾಗ ಬೇಜಾರಾದದ್ದು ನಿಜ. ಆದರೆ ಅದರ ಬೆನ್ನಿಗೇ "ಹಾಗಾದರೆ ಜೂಲಿ ಇದನ್ನ ಮಾಡಬೇಕಾಗುತ್ತೆ" ಅಂತ ತಲೆ ಲೆಕ್ಕ ಹಾಕಿತು. ಯಾವ ತಿಂಗಳಲ್ಲಿ ಶೂಟ್ ಆಗಬಹುದು, ಯಾವಾಗ ಬರಬಹುದು ಅಂತ. ಕಂತು ಬಂದಾಗ ಮಾತು ಕೇಳಿಸಿಕೊಂಡಿದ್ದೇ ಕಡಿಮೆ. ಹಿಂದಕ್ಕೆ ತಿರುಗಿಸಿ ಮೂರು ಸಲ ಅವರ ಮೂಗು ನೋಡಿದೆ. ಗಂಡನನ್ನ ಕಳೆದುಕೊಂಡ, ಎಂಬತ್ತು ದಾಟಿದ ಹೆಂಗಸಿನ ಮೂಗಿನ ತುದಿ.

ಸಾವಿನ ಮನೆಗೆ ಬಂದು ಬಾಗಿಲ ಹತ್ತಿರ ನಿಂತು, ಹೆಂಡತಿ ಅತ್ತಳಾ, ಎಷ್ಟು ಅತ್ತಳು ಅಂತ ನೋಡಿಕೊಂಡು ಹೋಗುವವರು ನಮ್ಮೂರಲ್ಲಿ ಇರ್ತಾರಲ್ಲ. ಅವರ ಬಗ್ಗೆ ನಾವಿಬ್ಬರೂ ಎಷ್ಟು ಮಾತಾಡಿದ್ದೀವಿ. ಇಷ್ಟು ವರ್ಷದ ಪ್ರೀತಿ ಅಂದುಕೊಂಡದ್ದರಲ್ಲಿ ಎಷ್ಟು ಪಾಲು ಆ ಬಾಗಿಲ ಹತ್ತಿರ ನಿಲ್ಲೋದೇ ಆಗಿತ್ತು ಅನ್ನೋದು ಅವತ್ತಿನಿಂದ ಕೊರೀತಾ ಇದೆ. ಅವರು ಮುಪ್ಪಾಗೋದನ್ನ ನಾವು ದಿನಾ ನೋಡಿದ್ದೀವಿ, ನಮ್ಮ ಮುಖ ಅವರು ಒಂದು ದಿನವೂ ನೋಡಿಲ್ಲ. ಸೂಸನ್‌ಗೆ ಅದು ಗಂಡನ ಜೊತೆ ಇನ್ನೊಂದು ದಿನ ಕೆಲಸ ಮಾಡಿದ ಹಾಗೆ ಅನ್ನಿಸಿತೋ, ಇಲ್ಲಾ ಬರೀ ದಣಿವೋ, ಅದು ಅವರದ್ದು. ಕೇಳುವ ಹಕ್ಕು ನನಗಿಲ್ಲ.

ಮೂಗು ಕೆಂಪಾಗಿತ್ತಾ ಅಂತ ನೀನು ಕೇಳ್ತೀಯ. ಬರೆಯಲ್ಲ.

ಇಷ್ಟೆಲ್ಲ ಹೇಳಬೇಕು ಅಂತ ಕೂತಿರಲಿಲ್ಲ. ಸಾಕು, ನಿನ್ನ ಹಾಳೆಗೆ ಬರೋಣ. ಒಂದು ಗಂಟೆಯ ಕಂತು ನಿನಗೆ ಉದ್ದವಾದರೆ ಅರ್ಧ ಗಂಟೆಯ 'ದ ಬೋಲ್ಡ್ ಆ್ಯಂಡ್ ದ ಬ್ಯೂಟಿಫುಲ್' ಇದೆ, 1987ರದ್ದು. ಜಾಹೀರಾತು ಕಳೆದರೆ ಇಪ್ಪತ್ತು ನಿಮಿಷದ ಆಸುಪಾಸು, ಒಂದು ಊಟದ ಹೊತ್ತು. ಕೇಬಲ್ ಬಂದ ಹೊಸತರಲ್ಲಿ, ಸ್ಟಾರ್ ಪ್ಲಸ್ ಇನ್ನೂ ಇಂಗ್ಲಿಷ್ ಚಾನೆಲ್ ಆಗಿದ್ದಾಗ, 'ಸಾಂಟಾ ಬಾರ್ಬರಾ' ಜೊತೆ ನಮ್ಮ ಕಡೆಗೂ ಬರ್ತಿತ್ತು. ನಿಮ್ಮ ಅಮ್ಮನಿಗೆ ಅದರ ನಾಯಕಿ ಬ್ರೂಕ್ ಹೆಸರು ಹೇಳಿ ನೋಡು, ನೆನಪಿರುತ್ತೆ. ಈಗಲೂ ಅದೇ ಬ್ರೂಕ್, ಅದೇ ನಟಿ ಕ್ಯಾಥರೀನ್ ಕೆಲ್ಲಿ ಲ್ಯಾಂಗ್. ಏನಾದರೂ ಹೊಸದೇ ಬೇಕು ಅಂದರೆ 2025ರ ಫೆಬ್ರವರಿ 24ರಂದು ಸಿಬಿಎಸ್‌ನಲ್ಲಿ ಶುರುವಾದ 'ಬಿಯಾಂಡ್ ದ ಗೇಟ್ಸ್' ಹಿಡಿ, ಸಿರಿವಂತ ಕಪ್ಪು ಮನೆತನವೊಂದು ಮಧ್ಯದಲ್ಲಿದೆ. ಇದನ್ನ ಮಾತ್ರ ಮೊದಲ ಕಂತಿನಿಂದಲೇ ನೋಡಬಹುದು.

ಆದರೂ ನನ್ನ ಮಾತು ಕೇಳಿದರೆ 'ಡೇಸ್'. ಗುರುವಾರ. ಹಾಳೆ, ಪೆನ್ಸಿಲ್, ರಬ್ಬರ್ ಇಟ್ಟುಕೊ. ರಬ್ಬರ್ ಮರೀಬೇಡ, ಅಲ್ಲಿ ಸತ್ತವರು ವಾಪಸ್ ಬರ್ತಾರೆ. ಹೋಪ್‌ಗೂ ಜೂಲಿಗೂ ಮಧ್ಯೆ ಎರಡು ಗೆರೆ ಎಳೆಯೋದಕ್ಕೆ ಜಾಗ ಬಿಟ್ಟಿರು. ಹಾಳೆ ತುಂಬಿದ ಮೇಲೆ ಫೋಟೋ ತೆಗೆದು ಕಳಿಸು, ತಪ್ಪು ತಿದ್ದಿ ಕೊಡ್ತೀನಿ. ಚಮಚದವರಿಗೂ ಕೇಳಿದೆ ಅಂತ ಹೇಳು.

ನಿನ್ನ
ಮಧ್ಯಾಹ್ನದ ಗೆಳತಿ