ಹೂ ಬಾಡಿದ ಆರ್ಕಿಡ್ ಗಿಡವನ್ನು ಎಸೆಯದಿರಿ

ಮಾನ್ಯ ಸಂಪಾದಕರೇ,

ಹೂವಿನ ಬೆಳೆಗೆ ಹೆಸರಾದ ಚಿಕ್ಕಬಳ್ಳಾಪುರದಲ್ಲೇ ಫೆಲನಾಪ್ಸಿಸ್ ಆರ್ಕಿಡ್ ಗಿಡಗಳನ್ನು ಮೊದಲ ಹೂ ಬಾಡಿದೊಡನೆ ಎಸೆಯುವುದನ್ನು ಕಂಡು ಸಂಕಟವಾಗುತ್ತದೆ. ಎಲೆ ಹಸಿರಾಗಿ, ಬೇರು ಗಟ್ಟಿಯಾಗಿದ್ದರೆ ಗಿಡ ಮತ್ತೆ ಹೂ ಬಿಡಬಲ್ಲದು. ಅದಕ್ಕೆ ಕೆಲವು ವಾರ ರಾತ್ರಿಯ ಉಷ್ಣಾಂಶ 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಷ್ಟಿರಬೇಕಾಗಿದ್ದು, ನಂದಿಬೆಟ್ಟದ ಸುತ್ತಲಿನ ನಮ್ಮ ಊರುಗಳಲ್ಲಿ ಡಿಸೆಂಬರ್‌, ಜನವರಿಯ ಚಳಿಯೇ ಅದನ್ನು ಒದಗಿಸುವುದರಿಂದ, ಗಿಡವನ್ನು ಕೋಣೆಯ ಕತ್ತಲೆ ಮೂಲೆಯಿಂದ ಎಳೆಬಿಸಿಲು ಬೀಳುವ ಪೂರ್ವದ ಕಿಟಕಿಗೆ ಸರಿಸಿದರೆ ಬಹುಪಾಲು ಕೆಲಸ ಮುಗಿದಂತೆ. ಎಲೆಯ ಬುಡದಲ್ಲಿ ಇಣುಕುವ ಮೊಳಕೆಯ ತುದಿ ಉರುಟಾಗಿದ್ದರೆ ಅದು ಬೇರು. ಚಪ್ಪಟೆಯಾಗಿ ಮೇಲ್ಮುಖವಾಗಿದ್ದರೆ ಹೂದಂಟು. ಕುಂಡಕ್ಕೆ ಮಣ್ಣು ಬೇಡ, ತೊಗಟೆಯ ಚೂರು ಮತ್ತು ಇದ್ದಿಲು ಇರಲಿ. ಕೊಳವೆಬಾವಿಯ ಗಡಸು ನೀರಿನ ಲವಣ ಬೇರಿಗೆ ಕೆಡುಕಾದ್ದರಿಂದ ಮಳೆನೀರು ಮೇಲು. ತೋಟಗಾರಿಕೆ ಇಲಾಖೆಯು ಫಲಪುಷ್ಪ ಪ್ರದರ್ಶನಗಳಲ್ಲಿ ಇದನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಚಿಕ್ಕಬಳ್ಳಾಪುರ