ನಿನ್ನ ಸೆಡ್ರಿಕ್‌ಗೆ ಬೇರೆ ಹೆಸರಿಡು ಮಾರಾಯ

ಮಂಜು,

ಕಾದಂಬರಿಯ ಮೂರು ಅಧ್ಯಾಯ ಒಂದೇ ಗುಕ್ಕಿನಲ್ಲಿ ಓದಿದೆ. ಹಿರೋಡೆಯ ಬಂಡೆಗಳ ನಡುವೆ ಫ್ರೆಂಚ್ ಸಿಪಾಯಿಗಳ ಬಿಡಾರ ಕಣ್ಣಿಗೆ ಕಟ್ಟಿತು. ಹಿರೋಡೆಗೆ, ಅಂದರೆ ಈಗಿನ ಪಾಂಡವಪುರಕ್ಕೆ, ಫ್ರೆಂಚ್ ರಾಕ್ಸ್ ಅಂತ ಹೆಸರು ಬಂದದ್ದೇ ಅವರಿಂದ ಅಲ್ಲವಾ!

ಆದರೆ 1784ರಲ್ಲಿ ಟಿಪ್ಪುವಿನ ಪಡೆಯಲ್ಲಿ ನಿನ್ನ ಫ್ರೆಂಚ್ ಸಿಪಾಯಿ ಸೆಡ್ರಿಕ್ ಎಲ್ಲಿಂದ ಬಂದನೋ? ಆ ಹೆಸರು ಹುಟ್ಟಿದ್ದೇ 1819ರಲ್ಲಿ, ವಾಲ್ಟರ್ ಸ್ಕಾಟ್ 'ಐವನ್‌ಹೋ' ಕಾದಂಬರಿಯ ಪಾತ್ರವೊಂದಕ್ಕೆ ಇಟ್ಟಾಗ. ಕಿವಿಗೆ ಫ್ರೆಂಚ್ ಅನ್ನಿಸಿದ್ದೆಲ್ಲ ಹಳೆಯದಲ್ಲ.

ಹೆಸರು ಬೇಕಾದರೆ ಚರ್ಚಿನ ದಾಖಲೆ ನೋಡು. ಮಗುವಿಗೆ ಹೆಸರಿಡುವ ಜ್ಞಾನಸ್ನಾನವನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸ್ವಾ ಪಾದ್ರಿಗಳಿಗೆ 1539ರಲ್ಲೇ ಆಜ್ಞೆ ಮಾಡಿದ್ದ. ಆ ಪುಟಗಳನ್ನು ಅಲ್ಲಿನ ಜಿಲ್ಲಾ ಪತ್ರಾಗಾರಗಳು ಸ್ಕ್ಯಾನ್ ಮಾಡಿ ಹಾಕಿವೆ, ದುಡ್ಡು ಕೊಡಬೇಕಿಲ್ಲ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಹೊರಡುತ್ತಿದ್ದ ಲೋರಿಯಾಂ ಬಂದರಿನ ಕಡೆಯವನ್ನು ಎರಡು ರಾತ್ರಿ ತಿರುವಿದೆ. ಅಕ್ಷರ ಕೋಳಿ ಕೆದರಿದ ಹಾಗೆ. ಕಣ್ಣು ಪಳಗಿದ ಮೇಲೆ ಗೊತ್ತಾಯಿತು: ಝಾನ್, ಪಿಯೆರ್, ಇವ್, ಮತ್ತೆ ಝಾನ್! ಜ್ಞಾನಸ್ನಾನದಲ್ಲಿ ತಂದೆಯಂತೆ ನಿಲ್ಲುವ ಜ್ಞಾನಪಿತನ ಹೆಸರನ್ನೇ ಮಗುವಿಗಿಡುವ ರೂಢಿ, ಹಾಗಾಗಿ ಒಂದೇ ಮನೆಯಲ್ಲಿ ಇಬ್ಬರು ಝಾನ್ ಇದ್ದರೂ ಆಶ್ಚರ್ಯವಿಲ್ಲ.

ನನಗೆ ಹುಚ್ಚು ಹಿಡಿಸಿದ್ದು ಅಡ್ಡಹೆಸರು, ಅಂದರೆ ಮನೆತನದ ಹೆಸರು. ಕಮ್ಮಾರನನ್ನೇ ತಗೋ. ಉತ್ತರದಲ್ಲಿ ಅವನು ಲೆಫೆವ್ರ್, ದಕ್ಷಿಣದಲ್ಲಿ ಫಾಬ್ರ್ ಇಲ್ಲವೇ ಫೋರ್, ಆಲ್ಪ್ಸ್ ಕಡೆ ಫಾವ್ರ್, ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿಯಲ್ಲಿ ಲ ಗೋಫ್. ಲೆಫೆವ್ರ್ ಬರೆಯುವಾಗ ಎಷ್ಟೋ ಕಡೆ ನಡುವೆ ಒಂದು 'ಬ' ನುಸುಳುತ್ತದೆ, ಬಾಯಲ್ಲಿ ಬರುವುದಿಲ್ಲ. ಲ್ಯಾಟಿನ್ 'ಫಾಬೆರ್' ಗೊತ್ತಿದ್ದ ಗುಮಾಸ್ತರ ಪಾಂಡಿತ್ಯ ಅದು! ಅಂದರೆ ಅಡ್ಡಹೆಸರು ಹೇಳಿದರೆ ಊರಿನ ದಿಕ್ಕೂ ಹೇಳಿದ ಹಾಗೆ. ನಿನ್ನವನು ಬ್ರಿಟನಿಯವನು ತಾನೆ? ಇವ್ ಲ ಗೋಫ್ ಅನ್ನು. ಅವ್ವ ಮನೆಯಲ್ಲಿ ಕರೆಯುವುದು ಎರ್ವಾನ್, ಅಲ್ಲಿನ ಬ್ರೆಟನ್ ಮಾತಿನಲ್ಲಿ ಇವ್ ಅಂದರೆ ಅದೇ.

ಬಿಡಾರದಲ್ಲಿ ಮಾತ್ರ ಯಾರೂ ಅವನನ್ನು ಇವ್ ಅನ್ನಬಾರದು. ಆ ಕಾಲದ ಫ್ರೆಂಚ್ ಸಿಪಾಯಿಗೆ ದಂಡಿಗೆ ಸೇರಿದೊಡನೆ ಇನ್ನೊಂದು ಹೆಸರು ಅಂಟುತ್ತಿತ್ತು: ಲಾ ಫ್ಲರ್ ಅಂದರೆ ಹೂವು, ಸಾಂ ಸೂಸಿ ಅಂದರೆ ನಿಶ್ಚಿಂತ. ಮೀಸೆ ಹೊತ್ತ ಗಂಡಸನ್ನು 'ಹೂವು' ಅಂತ ಕರೆಯುವುದು ನಿನ್ನ ಕಾದಂಬರಿಗೆ ಸಿಕ್ಕ ಪುಕ್ಕಟೆ ತಮಾಷೆ, ಬಿಡಬೇಡ.

ಇನ್ನೊಂದು. ಅವನ ಹೆಂಡತಿ ಕಾಗದದ ಕೊನೆಗೆ ಗಂಡನ ಅಡ್ಡಹೆಸರಲ್ಲಿ ರುಜು ಹಾಕುತ್ತಾಳಲ್ಲ, ತೆಗೆದುಬಿಡು. ಆ ದಾಖಲೆಗಳಲ್ಲಿ ಹೆಂಗಸರಿಗೆ ಸಾಯುವವರೆಗೂ ತವರಿನ ಅಡ್ಡಹೆಸರೇ. ಅಷ್ಟಕ್ಕೂ ಅವಳಿಗೆ ಬರೆಯಲು ಬರುತ್ತಿತ್ತಾ? ನಾನು ನೋಡಿದ ಪುಟಗಳ ಕೆಳಗೆ ಪಾದ್ರಿ ಮತ್ತೆ ಮತ್ತೆ ಬರೆದದ್ದು ಒಂದೇ: ಸಹಿ ಬಾರದು.

ನಾಲ್ಕನೇ ಅಧ್ಯಾಯ ಕಳಿಸು.

ನಿನ್ನ,
ರಘು