ಆ ಎಂಟು ಚುಕ್ಕೆ: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ಫೋನಿನಲ್ಲಿ ಆದದ್ದನ್ನು ಮತ್ತೆ ಎತ್ತುವುದಿಲ್ಲ. ನಾನು ಕಿರುಚಬಾರದಿತ್ತು. ಆದರೆ "ಸೋಮವಾರ ಆಡಿಟ್, ಮೂರು ದಿನದ ರೀಡಿಂಗ್ ಖಾಲಿ ಇದೆ, ಕೂತು ತುಂಬಿಸಿಬಿಡ್ತೀನಿ, ಎಲ್ಲರೂ ಮಾಡ್ತಾರೆ ಅಪ್ಪ" ಅಂದೆಯಲ್ಲ, ಅದಕ್ಕೆ ನನ್ನ ಕೈ ನಡುಗಿತು. ಯಾಕೆ ಅಂತ ಇದುವರೆಗೆ ನಿನ್ನಮ್ಮನಿಗೂ ಹೇಳಿಲ್ಲ.

1996ರ ಮಾರ್ಚ್ 9. ಪೀಣ್ಯದಲ್ಲಿ ನನ್ನದು ಸೆಕೆಂಡ್ ಶಿಫ್ಟ್. ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ಮೇಲೆ ಕ್ವಾರ್ಟರ್ ಫೈನಲ್, ಕ್ಯಾಂಟೀನಿನಲ್ಲಿ ಟಿವಿ. ಅರ್ಧ ಗಂಟೆಗೊಮ್ಮೆ ಐದು ಶಾಫ್ಟ್ ಎತ್ತಿಕೊಂಡು, ಬೇರಿಂಗ್ ಕೂರುವ ಕಡೆ ಮೈಕ್ರೋಮೀಟರ್ ಹಿಡಿದು, ಕಂಟ್ರೋಲ್ ಚಾರ್ಟಿನಲ್ಲಿ ಆ ಐದರ ಸರಾಸರಿಗೆ ಒಂದು ಚುಕ್ಕೆ, ರೇಂಜಿಗೆ, ಅಂದರೆ ದೊಡ್ಡ ಅಳತೆಗೂ ಚಿಕ್ಕದಕ್ಕೂ ಇರುವ ಅಂತರಕ್ಕೆ, ಒಂದು ಚುಕ್ಕೆ ಇಡಬೇಕಿತ್ತು. ನಾಲ್ಕು ಗಂಟೆ ನಾನು ಮೆಷಿನ್ ಕಡೆ ತಲೆ ಹಾಕಲಿಲ್ಲ. ವೆಂಕಟೇಶ್ ಪ್ರಸಾದ್ ಸೊಹೈಲ್‌ನ ಸ್ಟಂಪ್ ಎಗರಿಸಿದಾಗ ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದೆ. ಮ್ಯಾಚ್ ಮುಗಿದ ಮೇಲೆ ಬಂದು ಎಂಟು ಚುಕ್ಕೆ ಹಾಕಿದೆ. 25.001 ಮಿಲಿಮೀಟರ್, 25.002, ಮತ್ತೆ 25.001.

ಅಷ್ಟು ಹೊತ್ತಿಗೆ ಇನ್ಸರ್ಟ್, ಅಂದರೆ ಶಾಫ್ಟ್ ಕೊರೆಯುವ ಟೂಲಿನ ತುದಿ, ಸವೆದಿತ್ತು. ಟೂಲ್ ಸವೆದರೆ ಶಾಫ್ಟಿನ ವ್ಯಾಸ ಏರುತ್ತಾ ಹೋಗುತ್ತದೆ, ನಿನಗೆ ಗೊತ್ತು. ನಮ್ಮ ಸರಾಸರಿ ರೇಂಜ್ 10 ಮೈಕ್ರಾನ್, ಮಿಲಿಮೀಟರಿನ ನೂರನೇ ಒಂದು ಪಾಲು. ಐದೈದು ಅಳೆಯುವಾಗಿನ ಗುಣಕ 0.577ರಿಂದ ಗುಣಿಸು, ಚಾರ್ಟಿನ ಮಿತಿಗೆರೆ ನಡುಗೆರೆಯಿಂದ 6 ಮೈಕ್ರಾನ್ ದೂರವೂ ಇಲ್ಲ. ಅಳೆದಿದ್ದರೆ ಚುಕ್ಕೆಗಳು ಮೆಟ್ಟಿಲು ಹತ್ತುವುದು ಗೆರೆ ದಾಟುವ ಮೊದಲೇ ಕಾಣುತ್ತಿತ್ತು.

ಬೇರಿಂಗ್ ಕೂರದೆ ಲಾಟ್ ಪೂರ್ತಿ ವಾಪಸ್ ಬಂತು. ವಿಚಾರಣೆಯಲ್ಲಿ ನನ್ನ ಚಾರ್ಟನ್ನೇ ಮೇಜಿನ ಮೇಲೆ ಹಾಸಿದರು. "ಪ್ರೊಸೆಸ್ ಸರಿಯಾಗಿತ್ತು. ಆಮೇಲೆ ಆಪರೇಟರೇ ಆಫ್‌ಸೆಟ್, ಮೆಷಿನ್ನಿನ ಅಳತೆಯ ಸೆಟ್ಟಿಂಗ್, ಮುಟ್ಟಿದ್ದಾನೆ" ಅಂದರು. ಆ ಆಪರೇಟರ್ ತುರುವೇಕೆರೆ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಮುಖ ನೋಡಿದರು. ನಾನು ಚಾರ್ಟ್ ನೋಡುತ್ತಾ ಕೂತೆ. ಒಂದು ಮಾತು ಸಾಕಿತ್ತು ಪುಟ್ಟಿ. ಆ ಕೋಣೆಯಲ್ಲಿ ಫ್ಯಾನ್ ತಿರುಗುವ ಸದ್ದು ಈಗಲೂ ಕೇಳಿಸುತ್ತದೆ. ಅವರ ಕೆಲಸ ಹೋಯಿತು.

ಹೊಸೂರಿನಲ್ಲಿ ನಿನಗೆ ಕ್ವಾಲಿಟಿಯಲ್ಲೇ ಕೆಲಸ ಸಿಕ್ಕಾಗ ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಕೇಳು. 1924ರಲ್ಲಿ ಅಮೆರಿಕದ ಶೆವಾರ್ಟ್ ಈ ಚಾರ್ಟ್ ಹುಟ್ಟಿಸಿದ್ದು ಪ್ರೊಸೆಸ್ಸಿಗೆ ಸಹಜವಾದ ಏರಿಳಿತ ಯಾವುದು, ಕಾರಣ ಹುಡುಕಲೇಬೇಕಾದ ಏರುಪೇರು ಯಾವುದು ಅಂತ ಬಿಡಿಸಿ ನೋಡಲಿಕ್ಕೆ. ಅದು ತಿಳಿಯದಿದ್ದರೆ ಬೈಗುಳ ಮೆಷಿನ್ ಮುಂದೆ ನಿಂತವರ ಪಾಲಿಗೇ. ಸರಿಯಾಗಿ ನಡೆಯುವ ಪ್ರೊಸೆಸ್ಸಿನಲ್ಲೂ ಮೂರರಲ್ಲಿ ಒಂದು ಚುಕ್ಕೆ ಒಂದು ಸಿಗ್ಮಾ, ಅಂದರೆ ನಡುಗೆರೆಯಿಂದ ಮಿತಿಗೆರೆಗಿರುವ ದೂರದ ಮೂರನೇ ಒಂದು ಪಾಲು, ದಾಟಿ ಹೋಗುತ್ತದೆ. ಸುಳ್ಳು ಬರೆಯುವ ಕೈಗೆ ಅಷ್ಟು ದೂರ ಹೋಗಲು ಹೆದರಿಕೆ, ನಡುಗೆರೆಗೆ ಅಂಟಿಕೊಳ್ಳುತ್ತದೆ. ಬಲ್ಲ ಆಡಿಟರ್ ಅದನ್ನೇ ಮೊದಲು ನೋಡುತ್ತಾನೆ. ಆದರೆ ಸಿಕ್ಕಿಬೀಳುತ್ತೀಯ ಅಂತಲ್ಲ ನನ್ನ ಭಯ. ಸಿಕ್ಕಿಬೀಳದಿದ್ದರೆ ಅಂತ.

ಖಾಲಿ ಇದ್ದದ್ದು ಖಾಲಿ ಇರಲಿ. ಪಕ್ಕದಲ್ಲಿ 'ಅಳತೆ ತೆಗೆದಿಲ್ಲ' ಅಂತ ಬರೆದು ಸಹಿ ಹಾಕು. ಬೈದರೆ ಬೈಸಿಕೋ. ಕೆಲಸ ಬಿಡು ಅಂದರೆ ಬಸ್ ಹತ್ತಿ ಮನೆಗೆ ಬಾ, ನಾನು ಒಂದು ಮಾತೂ ಆಡುವುದಿಲ್ಲ.

ಇಷ್ಟು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆ ಆಪರೇಟರ್ ಊರು ಗೊತ್ತು, ಮನೆಯೂ ಗೊತ್ತು. ಎರಡು ಸಲ ತುರುವೇಕೆರೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹಿಂದಕ್ಕೆ ಬಂದಿದ್ದೇನೆ.

ಅಪ್ಪ